ಸಾಯುವ ಕೋಶ ಬೇಕಾಗಿತ್ತು

1984ರ ಏಪ್ರಿಲ್ 23ರಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರನ್ನು ಕರೆದು, ಏಡ್ಸ್‌ಗೆ ಕಾರಣವೆನ್ನಬಹುದಾದ ವೈರಸ್ ಸಿಕ್ಕಿದೆ ಎಂದು ಸಾರಿದರು. ಇನ್ನೆರಡು ವರ್ಷಗಳಲ್ಲಿ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾದೀತು ಎಂಬ ಭರವಸೆಯನ್ನೂ ಕೊಟ್ಟರು. ಆ ಲಸಿಕೆ ಇವತ್ತಿಗೂ ಬಂದಿಲ್ಲ. ವೈರಸ್ಸನ್ನು ಒಂದು ವರ್ಷ ಮೊದಲೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನಿಯೆ ಬೇರ್ಪಡಿಸಿದ್ದರು. ಅದನ್ನು ಮೊದಲು ಕಂಡವರು ಯಾರು ಎಂಬ ಜಗಳ ಎರಡು ದೇಶಗಳ ನಡುವೆ ವರ್ಷಗಟ್ಟಲೆ ನಡೆಯಿತು. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅದೇ ಹೊತ್ತಿನಲ್ಲಿ, ಅಷ್ಟೇನೂ ಸದ್ದಿಲ್ಲದೆ, ಇನ್ನೊಂದು ಕೆಲಸ ನಡೆದಿತ್ತು. ಈ ವೈರಸ್ಸನ್ನು ತಡೆಯುವ ರಾಸಾಯನಿಕ ಯಾವುದಾದರೂ ಇದೆಯೇ ಎಂದು ಗಾಜಿನ ಕೊಳವೆಯೊಳಗೆ ಕೇಳಿ ನೋಡುವ ಕೆಲಸ ಅದು.

ಹಾಗೆ ಕೇಳಬೇಕಾದರೆ ಮೊದಲು ಕೋಶ ಬೇಕು. ವೈರಸ್ ತಾನೇ ತಾನಾಗಿ ಬೆಳೆಯುವುದಿಲ್ಲ, ಬದುಕಿರುವ ಜೀವಕೋಶದೊಳಗೇ ಬೆಳೆಯಬೇಕು. ಎಚ್‌ಐವಿ ಬೆಳೆಯುವುದು ನಮ್ಮ ರಕ್ತದಲ್ಲಿರುವ, ರೋಗನಿರೋಧಕ ವ್ಯವಸ್ಥೆಯನ್ನು ನಡೆಸುವ ಟಿ ಕೋಶಗಳಲ್ಲಿ. ತಾನು ಹೊಕ್ಕ ಕೋಶಗಳನ್ನೇ ಅದು ಕೊಲ್ಲುತ್ತದೆ. 1983ರಲ್ಲಿ ಎಲ್ಲ ಪ್ರಯೋಗಾಲಯಗಳಿಗೂ ಇದೇ ತಲೆನೋವು: ರೋಗಿಯ ರಕ್ತದಿಂದ ತೆಗೆದ ಕೋಶಗಳಲ್ಲಿ ವೈರಸ್ ಕೆಲವು ದಿನ ಕಾಣಿಸುತ್ತಿತ್ತು, ಆಮೇಲೆ ಕೋಶಗಳೆಲ್ಲ ಸತ್ತು ಕಲ್ಚರ್ ಮುಗಿದೇಹೋಗುತ್ತಿತ್ತು. ಅಮೆರಿಕದಲ್ಲಿ ರಾಬರ್ಟ್ ಗ್ಯಾಲೊ ಅವರ ಪ್ರಯೋಗಾಲಯದಲ್ಲಿ ಮಿಕುಲಾಸ್ ಪೊಪೊವಿಕ್ ಎಂಬ ವಿಜ್ಞಾನಿ ಒಂದೊಂದೇ ಕೋಶ ವಂಶವನ್ನು ಪರೀಕ್ಷಿಸುತ್ತ ಹೋಗಿ, ಕೊನೆಗೆ ಎಚ್9 ಎಂದು ಹೆಸರಾದ ಒಂದು ಟಿ ಕೋಶ ವಂಶವನ್ನು ಆರಿಸಿದರು. ಅದು ಕ್ಯಾನ್ಸರ್ ರೋಗಿಯೊಬ್ಬರಿಂದ ಬಂದ ಕೋಶಗಳ ಸಂತತಿ. ವೈರಸ್ ಹೊಕ್ಕರೂ ಸಾಯದೆ ಅದನ್ನು ತಯಾರಿಸುತ್ತಲೇ ಇರುವುದು ಅದರ ವಿಶೇಷ. ಎಚ್9 ಇಲ್ಲದಿದ್ದರೆ ವೈರಸ್ ಅಷ್ಟು ಪ್ರಮಾಣದಲ್ಲಿ ಸಿಗುತ್ತಿರಲಿಲ್ಲ. 1985ರ ಮಾರ್ಚ್‌ನಲ್ಲಿ ರಕ್ತನಿಧಿಗಳಿಗೆ ಸಿಕ್ಕ ರಕ್ತಪರೀಕ್ಷೆಯೂ ಅಷ್ಟು ಬೇಗ ಬರುತ್ತಿರಲಿಲ್ಲ.

ಔಷಧ ಹುಡುಕುವವರ ಅಗತ್ಯ ಇದಕ್ಕೆ ತದ್ವಿರುದ್ಧ. ಸೋಂಕು ತಗುಲಿದರೂ ಆರಾಮಾಗಿರುವ ಕೋಶದಲ್ಲಿ, ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಬೇಕಾದರೆ ವೈರಸ್ಸಿನ ಪ್ರೋಟೀನನ್ನು ಅಳೆಯುವ ಸುತ್ತುಬಳಸಿನ ದಾರಿ ಹಿಡಿಯಬೇಕು. ಬೇಗ ಸಾಯುವ, ಖಂಡಿತವಾಗಿ ಸಾಯುವ, ಸತ್ತದ್ದು ಕಣ್ಣಿಗೆ ಕಾಣುವ ಕೋಶ ಸಿಕ್ಕರೆ ಪ್ರಶ್ನೆ ಸರಳವಾಗುತ್ತದೆ. ಔಷಧ ಹಾಕಿದ ಕೊಳವೆಯಲ್ಲಿ ಕೋಶ ಉಳಿಯಿತೇ, ಇಲ್ಲವೇ? ಏಡ್ಸ್ ಔಷಧಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಣುಗಳ ಚರಿತ್ರೆಯಾಗಿ ಹೇಳುತ್ತಾರೆ. ನನಗೆ ಅದು ಕೋಶಗಳ ಚರಿತ್ರೆಯಾಗಿಯೇ ಕಾಣುತ್ತದೆ. ಮುಂದೆ ಔಷಧವಾದ ಅಣು ಇಪ್ಪತ್ತು ವರ್ಷಗಳಿಂದ ಕಪಾಟಿನಲ್ಲಿತ್ತು. ಅದನ್ನು ಕೇಳಬಲ್ಲ ಕೋಶ ಇರಲಿಲ್ಲ.

ಆ ಕೋಶವನ್ನು ಮಾಡಿದವರು ಹಿರೊಆಕಿ ಮಿತ್ಸುಯಾ. ಜಪಾನಿನ ಕ್ಯೂಶೂ ದ್ವೀಪದ ಸಾಸೆಬೊ ಊರಿನವರು, ಕುಮಮೊಟೊ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿದವರು. 1982ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಬಂದು ಸ್ಯಾಮ್ಯುಯೆಲ್ ಬ್ರೋಡರ್ ಅವರ ತಂಡ ಸೇರಿದರು. ಅವರ ಹುಟ್ಟೂರಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಎಚ್‌ಐವಿಯಂತೆಯೇ ರೆಟ್ರೊವೈರಸ್ ಎಂಬ ಜಾತಿಗೆ ಸೇರಿದ, ಮನುಷ್ಯರಿಗೆ ತಗುಲುವ ಎಚ್‌ಟಿಎಲ್‌ವಿ-1 ವೈರಸ್ ತರುವ ರಕ್ತಕ್ಯಾನ್ಸರ್ ಕ್ಯೂಶೂ ಕಡೆ ಹೆಚ್ಚು. ಟಿ ಕೋಶಗಳನ್ನು ಕೆಡಿಸುವ ರೆಟ್ರೊವೈರಸ್ಸುಗಳ ಬಗ್ಗೆ ಜಪಾನಿನ ವೈದ್ಯರಿಗೆ ಏಡ್ಸ್‌ಗಿಂತ ಮೊದಲೇ ಪರಿಚಯವಿತ್ತು. ಮಿತ್ಸುಯಾ ಒಂದು ಟಿ ಕೋಶವನ್ನು ಆರಿಸಿ ಬೆಳೆಸಿದರು. ಅದು ಧನುರ್ವಾಯುವಿನ ಟಾಕ್ಸಾಯ್ಡನ್ನು ಗುರುತಿಸುವ ಕೋಶ. ಎಚ್‌ಟಿಎಲ್‌ವಿ-1 ಹೊಕ್ಕಿದ್ದರಿಂದ ಅದಕ್ಕೆ ಕೊನೆಯಿಲ್ಲದೆ ವಿಭಜಿಸುವ ಶಕ್ತಿ ಬಂದಿತ್ತು, ಆದರೆ ಎಚ್‌ಐವಿ ತಗುಲಿದರೆ ಕೆಲವೇ ದಿನಗಳಲ್ಲಿ ಸತ್ತುಹೋಗುತ್ತಿತ್ತು. ಅದಕ್ಕೆ ಎಟಿಎಚ್8 ಎಂದು ಹೆಸರಿಟ್ಟರು.

ಪರೀಕ್ಷೆಯ ಕ್ರಮ ಹೀಗೆ. ಕೊಳವೆಗಳಲ್ಲಿ ಎಟಿಎಚ್8 ಕೋಶಗಳನ್ನು ಹಾಕುವುದು. ಕೆಲವಕ್ಕೆ ವೈರಸ್, ಕೆಲವಕ್ಕೆ ವೈರಸ್ ಜೊತೆಗೆ ಔಷಧ, ಕೆಲವಕ್ಕೆ ಔಷಧ ಮಾತ್ರ. ಒಂದಕ್ಕೆ ಏನೂ ಇಲ್ಲ. ಎಲ್ಲವನ್ನೂ ಮೈಬಿಸಿಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರ್‌ನಲ್ಲಿಟ್ಟು ದಿನ ಬಿಟ್ಟು ದಿನ ನೋಡುವುದು. ಬದುಕಿದ ಕೋಶಗಳು ಬೆಳೆದು ಕೊಳವೆಯ ತಳದಲ್ಲಿ ಬಿಳಿಯ ಉಂಡೆಯಾಗಿ ಕೂರುತ್ತವೆ. ಸತ್ತಿದ್ದರೆ ತಳ ಖಾಲಿ. ಲೆಕ್ಕಕ್ಕಾಗಿ ಒಂದು ಹನಿ ತೆಗೆದು ಟ್ರೈಪಾನ್ ಬ್ಲೂ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸುವುದು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣವನ್ನು ಒಳಗೆ ಬಿಡುವುದಿಲ್ಲ. ಔಷಧ ಮಾತ್ರ ಹಾಕಿದ ಕೊಳವೆಯೇ ಇಲ್ಲಿ ಬಹಳ ಮುಖ್ಯ. ಫಿನಾಯಿಲ್ ಕೂಡ ವೈರಸ್ಸನ್ನು ಕೊಲ್ಲುತ್ತದೆ, ಜೊತೆಗೆ ಕೋಶವನ್ನೂ. ವೈರಸ್ಸನ್ನು ತಡೆಯುವ ಪ್ರಮಾಣಕ್ಕೂ ಕೋಶವನ್ನು ಕೊಲ್ಲುವ ಪ್ರಮಾಣಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದೇ ಔಷಧದ ಅಳತೆ. ಪ್ರಯೋಗಾಲಯದ ಭಾಷೆಯಲ್ಲಿ ಮೊದಲನೆಯದು ಇಸಿ50, ಎರಡನೆಯದು ಸಿಸಿ50.

ಹೇಳುವುದು ಸುಲಭ. 1984ರಲ್ಲಿ ಈ ವೈರಸ್ ಹೇಗೆ ಹರಡುತ್ತದೆಂಬುದರ ಬಗ್ಗೆ ವಿಜ್ಞಾನಿಗಳಲ್ಲೂ ಭಯವಿತ್ತು. ಜೀವಂತ ವೈರಸ್ಸನ್ನು ತಮ್ಮ ಪ್ರಯೋಗಾಲಯದೊಳಗೆ ತರಬೇಡಿ ಎಂದು ಮಿತ್ಸುಯಾರ ಸಹೋದ್ಯೋಗಿಗಳೇ ಹೇಳಿದರು. ಮಿತ್ಸುಯಾ ಗ್ಯಾಲೊ ಅವರ ಪ್ರಯೋಗಾಲಯಕ್ಕೆ ಹೋಗಿ, ಉಳಿದವರ ಕೆಲಸ ಮುಗಿದ ಮೇಲೆ, ತಮ್ಮ ಕೊಳವೆಗಳನ್ನು ಇಟ್ಟುಕೊಂಡು ಕೂರುತ್ತಿದ್ದರು.

ಅವರ ಮೊದಲ ಯಶಸ್ಸು ಸುರಮಿನ್. ಆಫ್ರಿಕಾದ ನಿದ್ರಾರೋಗಕ್ಕೆ ಬಹಳ ಹಿಂದಿನಿಂದಲೂ ಕೊಡುತ್ತಿದ್ದ ಜರ್ಮನ್ ಮೂಲದ ಚುಚ್ಚುಮದ್ದು ಅದು. ಕೊಳವೆಯಲ್ಲಿ ಕೋಶಗಳನ್ನು ಚೆನ್ನಾಗಿಯೇ ಕಾಪಾಡಿತು. 1984ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ವರದಿಯೂ ಬಂತು. ರೋಗಿಗಳಿಗೆ ಕೊಟ್ಟಾಗ ಯಾವ ಉಪಯೋಗವೂ ಕಾಣಲಿಲ್ಲ. ಮೂತ್ರಪಿಂಡಕ್ಕೆ, ಅಡ್ರಿನಲ್ ಗ್ರಂಥಿಗೆ ಪೆಟ್ಟು ಬಿತ್ತು. ಕೊಳವೆಯ 'ಹೌದು' ಎಂಬ ಮಾತಿಗೆ ದೇಹ ಒಪ್ಪಲೇಬೇಕೆಂದಿಲ್ಲ ಎಂಬುದು ಮೊದಲ ಔಷಧದಲ್ಲೇ ಗೊತ್ತಾಯಿತು. ಆದರೂ ಪರೀಕ್ಷಾ ವಿಧಾನ ಸಿದ್ಧವಾಗಿತ್ತು. ಬ್ರೋಡರ್ ಔಷಧ ಕಂಪನಿಗಳ ಬಾಗಿಲು ತಟ್ಟತೊಡಗಿದರು: ನಿಮ್ಮಲ್ಲಿರುವ ರಾಸಾಯನಿಕಗಳನ್ನು ಕಳಿಸಿ, ನಾವು ಪರೀಕ್ಷಿಸಿ ಕೊಡುತ್ತೇವೆ. ಹೆಚ್ಚಿನವರಿಗೆ ಆಸಕ್ತಿ ಇರಲಿಲ್ಲ. ರೋಗಿಗಳ ಸಂಖ್ಯೆ ಚಿಕ್ಕದು, ವೈರಸ್ ಅಪಾಯಕಾರಿ, ರೆಟ್ರೊವೈರಸ್ಸಿಗೆ ಮದ್ದೇ ಇಲ್ಲ ಎಂಬುದು ಅಂದಿನ ನಂಬಿಕೆ.

ಒಪ್ಪಿದ ಕಂಪನಿಗಳಲ್ಲೊಂದು ಬರೋಸ್ ವೆಲ್ಕಮ್. ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಅದರ ಕೇಂದ್ರವಿತ್ತು.  ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ದಶಕಗಳ ಕಾಲ ಕೆಲಸ ಮಾಡಿದ ಸಂಸ್ಥೆ ಅದು. ಡಿಎನ್‌ಎ ಕಟ್ಟುವ ಅಣುಗಳನ್ನು ಅಲ್ಪಸ್ವಲ್ಪ ತಿರುಚಿ ರೋಗಾಣುವನ್ನು ಮೋಸಗೊಳಿಸುವ ವಿದ್ಯೆಯಲ್ಲಿ ಇಬ್ಬರೂ ಪಳಗಿದವರು. ಅದಕ್ಕೆ 1988ರಲ್ಲಿ ನೊಬೆಲ್ ಬಂತು. ಸರ್ಪಸುತ್ತಿಗೆ ಇಂದಿಗೂ ಕೊಡುವ ಅಸೈಕ್ಲೊವಿರ್ ಹುಟ್ಟಿದ್ದೂ ಅಲ್ಲಿಯೇ. 1984ರಲ್ಲಿ ಡೇವಿಡ್ ಬ್ಯಾರಿ ಅವರ ನೇತೃತ್ವದ ತಂಡ ಏಡ್ಸ್ ಕೆಲಸ ಶುರುಮಾಡಿತು. ಕಂಪನಿಯಲ್ಲಿ ಜೀವಂತ ಎಚ್‌ಐವಿ ಇಟ್ಟುಕೊಳ್ಳುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಮಾರ್ಥಾ ಸೇಂಟ್ ಕ್ಲೇರ್ ಇಲಿಗಳ ರೆಟ್ರೊವೈರಸ್ಸುಗಳನ್ನು ಇಲಿಯ ಕೋಶಗಳಲ್ಲಿ ಬೆಳೆಸಿ ಪರೀಕ್ಷಿಸುವ ದಾರಿ ಹಿಡಿದರು. ತಟ್ಟೆಯ ತಳದಲ್ಲಿ ಕೋಶಗಳು ಒತ್ತಾಗಿ ಹರಡಿರುತ್ತವೆ. ವೈರಸ್ ತಗುಲಿದಲ್ಲೆಲ್ಲ ಅದರ ಗುರುತಾಗಿ ಪ್ಲಾಕ್ ಎಂಬ ಚುಕ್ಕೆಗಳೇಳುತ್ತವೆ. ಚುಕ್ಕೆಗಳನ್ನು ಎಣಿಸಿದರೆ ಔಷಧದ ಬಲ ತಿಳಿಯುತ್ತದೆ.

ಯಾವ ರಾಸಾಯನಿಕಗಳನ್ನು ಪರೀಕ್ಷೆಗೆ ಹಾಕಬೇಕು ಎಂದು ಆರಿಸಿದವರಲ್ಲಿ ರಸಾಯನ ವಿಜ್ಞಾನಿ ಜಾನೆಟ್ ರೈಡೌಟ್ ಮುಖ್ಯರು. ಅವರ ಪಟ್ಟಿಯಲ್ಲಿ ಅಜೈಡೊಥೈಮಿಡಿನ್, ಅಂದರೆ ಎಜೆಡ್‌ಟಿ, ಇತ್ತು. 1984ರ ನವೆಂಬರ್‌ನಲ್ಲಿ ಸೇಂಟ್ ಕ್ಲೇರ್ ಎಜೆಡ್‌ಟಿ ಹಾಕಿದ ತಟ್ಟೆಗಳನ್ನು ಬೆಳಕಿಗೆ ಹಿಡಿದರೆ ಒಂದು ಚುಕ್ಕೆಯೂ ಇಲ್ಲ. ವೈರಸ್ ಹಾಕುವುದನ್ನೇ ಮರೆತೆನೇನೋ ಎಂಬ ಅನುಮಾನ ಅವರಿಗೆ ಮೊದಲು ಬಂದದ್ದು. ಮರೆತಿರಲಿಲ್ಲ.

ಈ ಎಜೆಡ್‌ಟಿ ಹೊಸದೇನಲ್ಲ. 1964ರಲ್ಲಿ ಡೆಟ್ರಾಯಿಟ್‌ನಲ್ಲಿ ಜೆರೋಮ್ ಹಾರ್ವಿಟ್ಜ್ ಅದನ್ನು ಕ್ಯಾನ್ಸರ್‌ಗೆಂದು ಸರ್ಕಾರಿ ಹಣದಲ್ಲಿ ತಯಾರಿಸಿದ್ದರು. ಇಲಿಗಳ ರಕ್ತಕ್ಯಾನ್ಸರ್ ಮೇಲೆ ಅದು ಕೆಲಸ ಮಾಡಲಿಲ್ಲ. ಬೇಸರದಿಂದ ಕಪಾಟಿಗೆ ಸೇರಿಸಿದರು, ಪೇಟೆಂಟ್ ಕೂಡ ತೆಗೆಯಲಿಲ್ಲ. ಅವರೇ ಅದೇ ದಶಕದಲ್ಲಿ ತಯಾರಿಸಿದ ಇನ್ನೆರಡು ಅಣುಗಳು ಮುಂದೆ ಡಿಡಿಸಿ ಮತ್ತು ಸ್ಟಾವುಡಿನ್ ಎಂಬ ಏಡ್ಸ್ ಔಷಧಗಳಾದವು. ಅವುಗಳಿಂದಲೂ ಅವರಿಗೆ ದುಡ್ಡು ಬರಲಿಲ್ಲ. 1974ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ವುಲ್ಫ್ರಾಮ್ ಓಸ್ಟರ್ಟಾಗ್ ಮತ್ತು ಸಂಗಡಿಗರು, ಎಜೆಡ್‌ಟಿ ಇಲಿಯ ರೆಟ್ರೊವೈರಸ್ಸನ್ನು ಕೋಶಗಳ ಕಲ್ಚರ್‌ನಲ್ಲಿ ತಡೆಯುತ್ತದೆ ಎಂದು ತೋರಿಸಿ ಪ್ರಕಟಿಸಿದರು. ಯಾರೂ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಮನುಷ್ಯರಿಗೆ ರೆಟ್ರೊವೈರಸ್ ತಗುಲುತ್ತದೆ ಎಂಬುದೇ ಆಗ ಗೊತ್ತಿರಲಿಲ್ಲ.

ವೆಲ್ಕಮ್ ತನ್ನ ಎಜೆಡ್‌ಟಿಯನ್ನು 1985ರ ಫೆಬ್ರವರಿಯಲ್ಲಿ ಬೆಥೆಸ್ಡಾಕ್ಕೆ ಕಳಿಸಿತು. ಡಬ್ಬಿಯ ಮೇಲೆ ಹೆಸರಿಲ್ಲ, 'ಕಾಂಪೌಂಡ್ ಎಸ್' ಎಂದಷ್ಟೆ. ಗುಟ್ಟು ಕಾಪಾಡುವುದು ಕಂಪನಿಯ ಅಭ್ಯಾಸ. ಮಿತ್ಸುಯಾ ಎಟಿಎಚ್8 ಕೊಳವೆಗಳನ್ನು ಜೋಡಿಸಿದರು. ವೈರಸ್ ಮಾತ್ರ ಹಾಕಿದ ಕೊಳವೆಗಳ ತಳ ಖಾಲಿ. ಕಾಂಪೌಂಡ್ ಎಸ್ ಇದ್ದ ಕೊಳವೆಗಳಲ್ಲಿ ಬಿಳಿ ಉಂಡೆ, ವೈರಸ್ಸೇ ಹಾಕದ ಕೊಳವೆಯಲ್ಲಿ ಇದ್ದ ಹಾಗೆ. ತಿಂಗಳು ಮುಗಿಯುವ ಮೊದಲೇ ಕಂಪನಿಗೆ ಸುದ್ದಿ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ವಿವರಗಳಿವೆ. ಲೀಟರಿಗೆ ಐದರಿಂದ ಹತ್ತು ಮೈಕ್ರೊಮೋಲ್ ಪ್ರಮಾಣದಲ್ಲಿ ಕೋಶಗಳಿಗೆ ಪೂರ್ತಿ ರಕ್ಷಣೆ ಸಿಕ್ಕಿತ್ತು. ಅಷ್ಟರಲ್ಲಿ ಆರೋಗ್ಯವಂತ ಟಿ ಕೋಶಗಳ ಕೆಲಸಕ್ಕೆ ಹೇಳಿಕೊಳ್ಳುವ ತೊಂದರೆ ಕಾಣಲಿಲ್ಲ. ಅಮೆರಿಕದ ರೋಗಿಗಳ ವೈರಸ್, ಹೈಟಿಯ ರೋಗಿಯೊಬ್ಬರ ವೈರಸ್, ಎರಡೂ ಬಗ್ಗಿದವು. ಬೇರೆ ಬೇರೆ ಮನುಷ್ಯರಲ್ಲಿ ಈ ವೈರಸ್ಸಿನ ಮೈ ಬೇರೆ ಬೇರೆ ಎಂಬುದು ಗೊತ್ತಿದ್ದುದರಿಂದ ಆ ಕೊನೆಯ ಪರೀಕ್ಷೆಗೆ ತೂಕ ಹೆಚ್ಚು.

ಅಣು ಕೆಲಸ ಮಾಡುವ ಬಗೆಯನ್ನು ಬಿಡಿಸಿದವರು ವೆಲ್ಕಮ್‌ನ ಫಿಲಿಪ್ ಫರ್ಮನ್ ಮತ್ತಿತರರು. ಹೂ ಕಟ್ಟುವ ಕೈಗೆ ಬುಟ್ಟಿಯಲ್ಲಿ ಒಂದು ತೊಟ್ಟಿಲ್ಲದ ಹೂ ಸಿಕ್ಕಿಬಿಟ್ಟರೆ ಅಲ್ಲಿಂದ ಮುಂದೆ ಗಂಟು ಹಾಕಲು ಆಗುವುದಿಲ್ಲ. ಎಜೆಡ್‌ಟಿ ಅಂಥದೇ. ಡಿಎನ್‌ಎಯ ನಾಲ್ಕು ಘಟಕಗಳಲ್ಲಿ ಒಂದಾದ ಥೈಮಿಡಿನ್‌ನಂತೆಯೇ ಕಾಣುತ್ತದೆ, ಆದರೆ ಮುಂದಿನ ಕೊಂಡಿ ಸೇರಬೇಕಾದ ಜಾಗದಲ್ಲಿ ಮೂರು ನೈಟ್ರೊಜನ್ ಪರಮಾಣುಗಳು ಅಡ್ಡ ಕೂತಿವೆ. ಕೋಶದ ಸ್ವಂತ ಕಿಣ್ವಗಳೇ ಅದಕ್ಕೆ ಮೂರು ಫಾಸ್ಫೇಟ್ ಸೇರಿಸಿ ಸಿದ್ಧ ಮಾಡುತ್ತವೆ. ವೈರಸ್ಸಿನ ಡಿಎನ್‌ಎ ಕಟ್ಟುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅದನ್ನು ಎತ್ತಿಕೊಂಡು ಮೋಸಹೋಗುತ್ತದೆ. ನಮ್ಮ ಕೋಶದ ಡಿಎನ್‌ಎ ಕಟ್ಟುವ ಮುಖ್ಯ ಕಿಣ್ವ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ, ಸುಮಾರು ನೂರು ಪಟ್ಟು ವ್ಯತ್ಯಾಸವಿದೆ ಎಂದು 1986ರಲ್ಲಿ ಅಳೆದರು. ಇದರಲ್ಲೊಂದು ಸೂಕ್ಷ್ಮವಿದೆ. ಔಷಧವನ್ನು ಸಿದ್ಧ ಮಾಡುವುದು ಕೋಶವೇ ಆದ್ದರಿಂದ, ಚುರುಕಾಗಿ ವಿಭಜಿಸುವ ಕೋಶದಲ್ಲಿ ಬಂದ ಉತ್ತರ ಸುಮ್ಮನೆ ಮಲಗಿರುವ ಕೋಶದಲ್ಲಿ ಬರಲಿಕ್ಕಿಲ್ಲ. ಒಂದೇ ಎಜೆಡ್‌ಟಿಗೆ ಬೇರೆ ಬೇರೆ ಪ್ರಯೋಗಾಲಯಗಳಿಂದ ಬೇರೆ ಬೇರೆ ಸಂಖ್ಯೆಗಳು ಬಂದದ್ದಕ್ಕೆ ಅದೂ ಒಂದು ಕಾರಣ.

ಅಲ್ಲಿಂದ ಮುಂದೆ ಎಲ್ಲ ಓಟದಲ್ಲೇ ನಡೆಯಿತು. 1985ರ ಜುಲೈ ಮೊದಲ ವಾರದಲ್ಲಿ ಬೆಥೆಸ್ಡಾದ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಔಷಧ ಸಿಕ್ಕಿತು. ರಾಬರ್ಟ್ ಯಾರ್ಕೋವನ್ ನೋಡಿಕೊಂಡ ಮೊದಲ 19 ರೋಗಿಗಳಲ್ಲಿ 15 ಜನರ ಟಿ ಕೋಶಗಳ ಸಂಖ್ಯೆ ಏರಿತು. ಕಚ್ಚಾವಸ್ತುವಿಗೂ ಪರದಾಟ. ಥೈಮಿಡಿನ್ ಆಗ ಬರುತ್ತಿದ್ದುದು ಮೀನಿನ ವೀರ್ಯದಿಂದ, ಅದೂ ಅಲ್ಪಸ್ವಲ್ಪ. ಕ್ಯಾನ್ಸರ್ ಸಂಸ್ಥೆ ತನ್ನಲ್ಲಿದ್ದ ದಾಸ್ತಾನನ್ನು ಕಂಪನಿಗೆ ಕೊಡಬೇಕಾಯಿತು. 1986ರ ಫೆಬ್ರವರಿಯಲ್ಲಿ 282 ರೋಗಿಗಳ ದೊಡ್ಡ ಪ್ರಯೋಗ ಶುರುವಾಯಿತು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಬರೀ ಗುಳಿಗೆ. ಸೆಪ್ಟೆಂಬರ್ ಹೊತ್ತಿಗೆ ಬರೀ ಗುಳಿಗೆ ತಿಂದವರಲ್ಲಿ 19 ಮಂದಿ ಸತ್ತಿದ್ದರು, ಎಜೆಡ್‌ಟಿ ತಿಂದವರಲ್ಲಿ ಒಬ್ಬರು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರಿಗೂ ಔಷಧ ಕೊಟ್ಟರು. 1987ರ ಮಾರ್ಚ್‌ನಲ್ಲಿ ಪರವಾನಗಿ ಬಂತು. ಕೊಳವೆಯಿಂದ ಅಂಗಡಿಗೆ ಬರಲು ಎರಡು ವರ್ಷದ ಮೇಲೆ ಒಂದು ತಿಂಗಳು. ಬೆಲೆ ವರ್ಷಕ್ಕೆ ಎಂಟರಿಂದ ಹತ್ತು ಸಾವಿರ ಡಾಲರ್. ಅದೇ ತಿಂಗಳು ಏಡ್ಸ್ ರೋಗಿಗಳ ಪರ ಹೋರಾಡುತ್ತಿದ್ದ ಆಕ್ಟ್ ಅಪ್ ಸಂಘಟನೆಯವರು ವಾಲ್ ಸ್ಟ್ರೀಟ್‌ನಲ್ಲಿ ರಸ್ತೆ ತಡೆದರು. 1989ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ಒಳಗೇ ನುಗ್ಗಿ ಬಾಲ್ಕನಿಗೆ ಸರಪಳಿ ಬಿಗಿದುಕೊಂಡರು. ಆಮೇಲೆ ಕಂಪನಿ ಬೆಲೆಯನ್ನು ಶೇ 20ರಷ್ಟು ಇಳಿಸಿತು.

ರೋಗಿಗಳು ನಾಲ್ಕು ನಾಲ್ಕು ಗಂಟೆಗೊಮ್ಮೆ, ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಔಷಧ ನುಂಗಬೇಕಿತ್ತು. ದಿನಕ್ಕೆ 1200 ಮಿಲಿಗ್ರಾಂ. ಮುಂದೆ ಅದರ ಅರ್ಧವೇ ಸಾಕೆಂದು ಗೊತ್ತಾಯಿತು. ಹಲವರಿಗೆ ರಕ್ತಹೀನತೆ ಎಷ್ಟು ತೀವ್ರವಾಯಿತೆಂದರೆ ಮತ್ತೆ ಮತ್ತೆ ರಕ್ತ ಕೊಡಿಸಬೇಕಾಯಿತು. ಕೊಳವೆ ಇದನ್ನು ಮೊದಲೇ ಹೇಳಬಹುದಿತ್ತೇ? ಹೇಳಬಹುದಿತ್ತು, ಕೇಳಿದ್ದರೆ. 1987ರಲ್ಲಿ ಸೊಮ್ಮಡೋಸಿ ಮತ್ತು ಕಾರ್ಲೈಲ್ ಎಂಬ ವಿಜ್ಞಾನಿಗಳು ಮನುಷ್ಯರ ಮೂಳೆಮಜ್ಜೆಯ ಮೂಲಕೋಶಗಳನ್ನು ಕಲ್ಚರ್ ಮಾಡಿ ಎಜೆಡ್‌ಟಿ ಹಾಕಿ ನೋಡಿದರು. ಒಂದು ಮೈಕ್ರೊಮೋಲ್ ಸುತ್ತಮುತ್ತಲೇ ಅವುಗಳ ಬೆಳವಣಿಗೆ ಅರ್ಧಕ್ಕಿಳಿಯುತ್ತಿತ್ತು. ಎಟಿಎಚ್8 ಕೋಶಗಳನ್ನು ಕಾಪಾಡಿದ ಪ್ರಮಾಣ ಅದಕ್ಕಿಂತ ಹೆಚ್ಚು. ಮೊದಲ ಪ್ರಬಂಧದಲ್ಲಿ ಸುಳ್ಳೇನೂ ಇರಲಿಲ್ಲ. ಟಿ ಕೋಶಕ್ಕೆ ಹಾನಿಯಿಲ್ಲ ಎಂದು ಬರೆದಿತ್ತು, ಟಿ ಕೋಶಕ್ಕೆ ಹಾನಿಯಿರಲಿಲ್ಲ. ಆ ಮಾತನ್ನು ಇಡೀ ದೇಹಕ್ಕೆ ಹಿಗ್ಗಿಸಿಕೊಂಡದ್ದು ಕೇಳಿದವರು. ಸಾಯುತ್ತಿರುವವರು ಸರದಿಯಲ್ಲಿ ನಿಂತಿದ್ದಾಗ ಯಾರು ತಾನೇ ಹಿಗ್ಗಿಸಿಕೊಳ್ಳುವುದಿಲ್ಲ? ಆ ಎರಡು ವರ್ಷ ಕಾದಿದ್ದರೆ ಮಜ್ಜೆಯ ಲೆಕ್ಕ ಸರಿಯಾಗುತ್ತಿತ್ತು, ಎಷ್ಟೋ ಜನ ಇರುತ್ತಿರಲಿಲ್ಲ. ಅವಸರ ಸರಿ ಎಂದೇ ನನ್ನ ಮತ. ಪ್ರಮಾಣ ಇಳಿಸಲು ತಡಮಾಡಿದ್ದು ಮಾತ್ರ ಸರಿಯಲ್ಲ.

ಅಷ್ಟರಲ್ಲಿ ಪರೀಕ್ಷೆಯೇ ದೊಡ್ಡದಾಗಿ ಬೆಳೆದಿತ್ತು. 1985ರಲ್ಲಿ ಜಪಾನಿನ ಹರಾದಾ, ಕೊಯನಗಿ, ಯಮಮೊಟೊ ಎಂಬ ಮೂವರು ಎಂಟಿ-4 ಎಂಬ ಇನ್ನೊಂದು ಕೋಶ ವಂಶವನ್ನು ತೋರಿಸಿದರು. ಅದರೊಳಗೂ ಎಚ್‌ಟಿಎಲ್‌ವಿ-1 ಇತ್ತು, ಅದೂ ಎಚ್‌ಐವಿ ತಗುಲಿದರೆ ಐದೇ ದಿನಗಳಲ್ಲಿ ಸಾಯುತ್ತಿತ್ತು. ಬೆಲ್ಜಿಯಂನ ಲೂವೆನ್‌ನಲ್ಲಿರುವ ರೇಗಾ ಸಂಸ್ಥೆಯಲ್ಲಿ ಎರಿಕ್ ಡಿ ಕ್ಲರ್ಕ್ ಮತ್ತು ಅವರ ಶಿಷ್ಯ ರೂಡಿ ಪಾವೆಲ್ಸ್ ಇದನ್ನು 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆಗೆ ಇಳಿಸಿದರು. ಕೋಶಗಳನ್ನು ಒಂದೊಂದಾಗಿ ಎಣಿಸುವ ಬದಲು ಎಂಟಿಟಿ ಎಂಬ ಹಳದಿ ಬಣ್ಣ ಹಾಕುವುದು. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ಎಷ್ಟು ನೇರಳೆ ಎಂದು ಯಂತ್ರ ಓದಿ ಹೇಳುತ್ತದೆ. 1988ರಲ್ಲಿ ಈ ವಿಧಾನ ಪ್ರಕಟವಾದ ಮೇಲೆ ಸಾವಿರಗಟ್ಟಲೆ ರಾಸಾಯನಿಕಗಳು ತಟ್ಟೆಗಳ ಮೂಲಕ ಹಾದುಹೋದವು. 1990ರಲ್ಲಿ ಬಂದ ಟಿಬೊ ಎಂಬ ಗುಂಪು ಪಾಲ್ ಯಾನ್ಸೆನ್ ಅವರ ಕಂಪನಿ ಕಳಿಸಿದ ಅಣುಗಳಿಂದ ಹೀಗೆಯೇ ಹೊರಬಿದ್ದದ್ದು. ಎಜೆಡ್‌ಟಿಯಂತೆ ಡಿಎನ್‌ಎ ಘಟಕದ ವೇಷ ಹಾಕದೆ, ಕಿಣ್ವದ ಇನ್ನೊಂದು ಮಗ್ಗುಲಿಗೆ ಹೋಗಿ ಕೂರುವ ಜಾತಿ ಅದು.

ಲೂವೆನ್‌ನ ತಟ್ಟೆಗಳಲ್ಲಿ ನಡೆದ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸೈಕ್ಲಾಮ್ ಎಂಬ ಮಾಮೂಲಿ ರಾಸಾಯನಿಕದ ಒಂದು ಮಾದರಿ ಎಚ್‌ಐವಿಯನ್ನು ತಡೆಯಿತು. ಶುದ್ಧ ಸೈಕ್ಲಾಮ್ ತರಿಸಿ ನೋಡಿದರೆ ತಡೆಯಲಿಲ್ಲ. ಕೆಲಸ ಮಾಡಿದ್ದು ಅದರಲ್ಲಿ ಸ್ವಲ್ಪವೇ ಸ್ವಲ್ಪ ಬೆರೆತಿದ್ದ ಕಲ್ಮಶ, ಎರಡು ಸೈಕ್ಲಾಮ್‌ಗಳು ಒಂದಕ್ಕೊಂದು ಅಂಟಿಕೊಂಡ ಅಣು. ಜಾನ್ಸನ್ ಮ್ಯಾಥಿ ಕಂಪನಿಯ ರಸಾಯನ ತಜ್ಞರು ಅದನ್ನೇ ತಿದ್ದಿ ಎಎಂಡಿ3100 ಮಾಡಿದರು. ವೈರಸ್ ಕೋಶದೊಳಗೆ ಹೋಗಲು ಬಳಸುವ ಸಿಎಕ್ಸ್‌ಸಿಆರ್4 ಎಂಬ ಬಾಗಿಲನ್ನೇ ಅದು ಮುಚ್ಚುತ್ತಿತ್ತು. ಏಡ್ಸ್ ಔಷಧವಾಗಿ ಗೆಲ್ಲಲಿಲ್ಲ. ಆದರೆ ಅದನ್ನು ಕೊಟ್ಟವರ ರಕ್ತದಲ್ಲಿ ಬಿಳಿಕಣಗಳು ಏಕಾಏಕಿ ಏರಿದವು. ಕಾರಣ ಹುಡುಕಿದಾಗ, ಮೂಳೆಮಜ್ಜೆಯ ಮೂಲಕೋಶಗಳನ್ನು ಅದು ರಕ್ತಕ್ಕೆ ಕಳಿಸುತ್ತದೆಂದು ತಿಳಿಯಿತು. 2008ರಲ್ಲಿ ಪ್ಲೆರಿಕ್ಸಫರ್ ಎಂಬ ಹೆಸರಿನಿಂದ ಕ್ಯಾನ್ಸರ್ ರೋಗಿಗಳ ಮೂಲಕೋಶ ಕಸಿಗೆ ಅದು ಬಳಕೆಗೆ ಬಂತು.

ಎಜೆಡ್‌ಟಿಯ ಹಾದಿಗೆ ಮರಳೋಣ. ಔಷಧ ತಿಂದವರು ಮೊದಲು ಚೇತರಿಸಿಕೊಂಡು, ಕೆಲ ತಿಂಗಳುಗಳ ನಂತರ ಮತ್ತೆ ಕುಸಿಯುತ್ತಿದ್ದರು. ಯಾಕೆಂದು ಹೇಳಿದ್ದೂ ಕಲ್ಚರ್ ತಟ್ಟೆಯೇ. ಇಂಗ್ಲೆಂಡಿನಲ್ಲಿ ವೆಲ್ಕಮ್‌ನ ಬ್ರೆಂಡನ್ ಲಾರ್ಡರ್ ಮತ್ತು ಗ್ರಹಾಂ ಡಾರ್ಬಿ, ಅಮೆರಿಕದ ಸ್ಯಾನ್ ಡಿಯಾಗೊದ ಡಗ್ಲಸ್ ರಿಚ್‌ಮನ್ ಕೂಡಿ, ರೋಗಿಗಳಿಂದಲೇ ತೆಗೆದ ವೈರಸ್ಸುಗಳನ್ನು, ಎಚ್‌ಐವಿ ಹಿಡಿಯುವಂತೆ ಮಾರ್ಪಡಿಸಿದ್ದ ಹೀಲಾ ಎಂಬ ಕೋಶ ವಂಶದ ಮೇಲೆ ಹಾಕಿದರು. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಎಜೆಡ್‌ಟಿ ತಿಂದವರ ವೈರಸ್ಸನ್ನು ತಡೆಯಲು ಹೆಚ್ಚು ಹೆಚ್ಚು ಔಷಧ ಬೇಕಾಗುತ್ತಿತ್ತು, ಕೆಲವಕ್ಕೆ ನೂರು ಪಟ್ಟು. 1989ರಲ್ಲಿ ಈ ವರದಿಯನ್ನು ಹೊರತಂದವರಲ್ಲಿ ಔಷಧ ತಯಾರಿಸಿದ ಕಂಪನಿಯ ವಿಜ್ಞಾನಿಗಳೇ ಇದ್ದರೆಂಬುದನ್ನು ಗಮನಿಸಬೇಕು. ಔಷಧ ಕಂಪನಿಗಳನ್ನು ಬೈಯಲು ಕಾರಣಗಳು ಬೇಕಾದಷ್ಟಿವೆ, ಇದು ಅವುಗಳಲ್ಲಿ ಸೇರುವುದಿಲ್ಲ.

ಎಜೆಡ್‌ಟಿಯನ್ನು ಕಂಡುಹಿಡಿದವರು ಯಾರು? ಕಂಪನಿಯ ಮುಖ್ಯಸ್ಥರು ಶ್ರೇಯಸ್ಸೆಲ್ಲ ತಮ್ಮದೆಂದು 1989ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ಗೆ ಬರೆದಾಗ, ಬ್ರೋಡರ್, ಮಿತ್ಸುಯಾ ಮತ್ತು ಸಂಗಡಿಗರು ಅದೇ ಪತ್ರಿಕೆಗೆ ಖಾರವಾದ ಪತ್ರ ಬರೆದು, ಕಂಪನಿ ಏನೇನು ಮಾಡಿರಲಿಲ್ಲ ಎಂದು ಸಾಲಾಗಿ ನೆನಪಿಸಿದರು. ಜೀವಂತ ಏಡ್ಸ್ ವೈರಸ್ಸಿನ ಮೇಲಿನ ಪರೀಕ್ಷೆಯೂ ಆ ಪಟ್ಟಿಯಲ್ಲಿತ್ತು. ಮುಂದೆ ಬಾರ್ ಎಂಬ ಕಂಪನಿ ಅಗ್ಗದ ಎಜೆಡ್‌ಟಿ ಮಾರಲು ಹೊರಟು, ಬ್ರೋಡರ್ ಮತ್ತು ಮಿತ್ಸುಯಾ ಕೂಡ ಆವಿಷ್ಕಾರಕರೆಂದು ನ್ಯಾಯಾಲಯದಲ್ಲಿ ವಾದಿಸಿತು. ವೆಲ್ಕಮ್ ಕೈಯಲ್ಲಿ ಒಂದು ಗಟ್ಟಿ ಕಾಗದವಿತ್ತು. ಬೆಥೆಸ್ಡಾದ ಫಲಿತಾಂಶ ಬರುವ ಮೊದಲೇ, 1985ರ ಫೆಬ್ರವರಿ ಮೊದಲ ದಿನಗಳಲ್ಲೇ, ಅವರು ಪೇಟೆಂಟ್ ಅರ್ಜಿಯ ಕರಡು ಬರೆದಿಟ್ಟಿದ್ದರು. 1994ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆರರಲ್ಲಿ ಐದು ಪೇಟೆಂಟ್‌ಗಳನ್ನು ವೆಲ್ಕಮ್‌ಗೇ ಉಳಿಸಿತು. ಕಲ್ಪನೆ ಮೊದಲೇ ಪೂರ್ಣವಾಗಿತ್ತು, ಕೊಳವೆ ಅದನ್ನು ದೃಢಪಡಿಸಿತಷ್ಟೆ ಎಂಬುದು ತೀರ್ಪಿನ ತಾತ್ಪರ್ಯ. ಕಾನೂನಿನ ಮಟ್ಟಿಗೆ ಸರಿಯಿರಬಹುದು. ವಿಜ್ಞಾನದ ಮಟ್ಟಿಗೆ ನನಗೆ ಒಪ್ಪಿಗೆಯಿಲ್ಲ. ಸುರಮಿನ್ ಬಗ್ಗೆಯೂ ಇಂಥದೇ ಕಲ್ಪನೆ ಇತ್ತು. ಇಲಿಯ ವೈರಸ್ಸಿನಿಂದ ಮನುಷ್ಯರ ವೈರಸ್ಸಿಗೆ ಸೇತುವೆ ಇದೆಯೆಂದು ಫೆಬ್ರವರಿಯ ಆ ಕೊಳವೆಗಳನ್ನು ನೋಡುವ ತನಕ ಯಾರಿಗೂ ಗೊತ್ತಿರಲಿಲ್ಲ.

ಭಾರತದಲ್ಲಿ ಆ ಪೇಟೆಂಟ್ ನಡೆಯುತ್ತಿರಲಿಲ್ಲ. 1970ರ ಕಾಯ್ದೆಯ ಪ್ರಕಾರ ಆಗ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು, ಔಷಧಕ್ಕಲ್ಲ. ಚೆನ್ನೈನಲ್ಲಿ ಸುನಿತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಮಾಡಿದ್ದು 1986ರಲ್ಲಿ, ಅಮೆರಿಕದಲ್ಲಿ 282 ರೋಗಿಗಳ ಪ್ರಯೋಗ ನಡೆಯುತ್ತಿದ್ದ ವರ್ಷವೇ. 1990ರ ದಶಕದ ಆರಂಭದಲ್ಲಿ ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಎ.ವಿ. ರಾಮರಾವ್ ಎಜೆಡ್‌ಟಿ ತಯಾರಿಸುವ ಬೇರೆ ದಾರಿ ಹುಡುಕಿ ಸಿಪ್ಲಾ ಕಂಪನಿಗೆ ಕೊಟ್ಟರು. ವಿದೇಶದ ಬೆಲೆಯ ಒಂದಂಶಕ್ಕೆ ಔಷಧ ಸಿದ್ಧವಾಯಿತು. ಕೊಳ್ಳುವವರಿರಲಿಲ್ಲ. ಸರ್ಕಾರದ ಹಣವೆಲ್ಲ ಆಗ ತಡೆಗಟ್ಟುವ ಪ್ರಚಾರಕ್ಕೇ ಮೀಸಲು. 2001ರ ಫೆಬ್ರವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆನೆಂದ ಮೇಲೆ ಜಗತ್ತಿನ ಲೆಕ್ಕವೇ ಬದಲಾಯಿತು.

ಮೂರು ಔಷಧ ಏಕೆ ಎಂಬುದಕ್ಕೂ ಒಂದಿಷ್ಟು ಉತ್ತರ ಕಲ್ಚರ್ ತಟ್ಟೆಯಲ್ಲಿದೆ. ಲ್ಯಾಮಿವುಡಿನ್ ಎಂಬ ಇನ್ನೊಂದು ಏಡ್ಸ್ ಔಷಧವನ್ನಷ್ಟೇ ಕೊಟ್ಟರೆ ವೈರಸ್ ಕೆಲವೇ ವಾರಗಳಲ್ಲಿ, ಕಿಣ್ವದ 184ನೇ ಸ್ಥಾನದಲ್ಲಿ ಒಂದು ಬದಲಾವಣೆ ಮಾಡಿಕೊಂಡು, ಅದನ್ನು ಸೋಲಿಸುತ್ತದೆ. ಆದರೆ ಅದೇ ಬದಲಾವಣೆ, ಎಜೆಡ್‌ಟಿಗೆ ಬಗ್ಗದಿದ್ದ ವೈರಸ್ಸನ್ನು ಮತ್ತೆ ಬಗ್ಗುವಂತೆ ಮಾಡುತ್ತದೆ ಎಂದು ಲಾರ್ಡರ್ ತಂಡ 1995ರಲ್ಲಿ ತೋರಿಸಿತು. ಎರಡೂ ಸೇರಿದ ಮಾತ್ರೆ 1997ರಲ್ಲಿ ಬಂತು. ಅವಕ್ಕೆ ಟಿಬೊ ಜಾತಿಯದೇ ಆದ ನೆವಿರಪಿನ್ ಸೇರಿಸಿದರೆ, 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ, ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡತೊಡಗಿದ ಚಿಕಿತ್ಸೆಗಳಲ್ಲೊಂದು ಸಿದ್ಧ. ಈ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಆ ಮಾತ್ರೆ ಬರೆಯುವ ಮೊದಲು ವೈದ್ಯರು ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡುತ್ತಿದ್ದರು. ಕಡಿಮೆಯಿದ್ದರೆ ಎಜೆಡ್‌ಟಿ ಬಿಟ್ಟು ಸ್ಟಾವುಡಿನ್ ಕೊಡುತ್ತಿದ್ದರು.